ಅಮಸಿದ್ದನ ಏಳು ಪೆಟ್ಟು

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿ. ಮದುವೆ ಬ್ಯಾಂಡಿನವರ ಕೆಂಪು ಕೋಟು ಹೊಲಿಯುತ್ತಲೇ ನನ್ನ ತಲೆ ನೆರೆತಿದೆ. ಕ್ಲಾರಿನೆಟ್ ಊದುವ ಶಂಕರೆಪ್ಪ, ಡ್ರಮ್ ಬಾರಿಸುವ ಅವನ ತಮ್ಮ ಅಮಸಿದ್ದ, ಇಬ್ಬರ ಅಳತೆಯೂ ನನಗೆ ಬಾಯಿಪಾಠ.

ಅವರ ಗುರು ಮುಂಬಯಿಯಿಂದ ಒಂದು ಹಳೆಯ ಗ್ರಾಮಫೋನು, ಒಂದೇ ಒಂದು ತಟ್ಟೆ ತಂದಿದ್ದರಂತೆ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ನುಡಿಸಿದ ಜಾಝ್. ಅಣ್ಣತಮ್ಮಂದಿರು ಅದನ್ನು ಕೇಳಿ ಕೇಳಿಯೇ ಕಲಿತರು. ತಟ್ಟೆಯ ಅಂಚಿನಲ್ಲೊಂದು ಸೀಳು. ಹಾಡಿನ ಶುರುವಿನಲ್ಲಿ ಮುಳ್ಳು ಆ ಸೀಳು ದಾಟಿದಾಗಲೆಲ್ಲ ಟಕ್ ಎನ್ನುತ್ತಿತ್ತು, ಒಟ್ಟು ಏಳು ಸಲ. ಅದೂ ವಾದ್ಯವೇ ಎಂದುಕೊಂಡ ಅಮಸಿದ್ದ ಡ್ರಮ್ಮಿನ ಅಂಚಿಗೆ ಏಳು ಪೆಟ್ಟು ಹಾಕಿದ. ಅವನನ್ನು ನೋಡಿ ಸುತ್ತಲಿನ ತಿಕೋಟಾ, ಬಬಲೇಶ್ವರದ ಬ್ಯಾಂಡಿನವರೂ ಹಾಗೆಯೇ ಬಾರಿಸಿದರು.

ಎರಡು ವರ್ಷದ ಹಿಂದೆ ಅಮಸಿದ್ದ ಕಾಮಾಲೆಯಾಗಿ ಹೋಗಿಬಿಟ್ಟ. ಅಂದಿನಿಂದ ಮೆರವಣಿಗೆಯ ಸದ್ದು ಬಂದರೆ ಅವನ ಹೆಂಡತಿ ನೀಲಾಬಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಾಗಿಲಿಗೆ ಬರುತ್ತಾಳೆ. ಹಾಡಿನ ರಾಗ ಅವಳಿಗೆ ಇಂದಿಗೂ ಗುರುತಿಲ್ಲ, ಆ ಪೆಟ್ಟುಗಳಷ್ಟೇ ಗುರುತು; ಅಮಸಿದ್ದನ ಜಾಗದಲ್ಲಿ ಡ್ರಮ್ ಹಿಡಿದ ಹುಡುಗನೂ ಅವನ್ನು ಬಿಟ್ಟಿರಲಿಲ್ಲ. ಏಳೂ ಕೇಳಿದ ಮೇಲೆ ಒಳಗೆ ಹೋಗುತ್ತಾಳೆ.

ಶಂಕರೆಪ್ಪನ ಮುಂದಿನ ಹಲ್ಲು ಬಿದ್ದು ಊದಲಾಗದೆ, ಬ್ಯಾಂಡು ಈಗ ಶಿಷ್ಯ ಮಿಲಿಂದನ ಕೈಯಲ್ಲಿದೆ. ಸ್ಯಾಕ್ಸೊಫೋನು ಚೆನ್ನಾಗಿ ಊದುತ್ತಾನೆ, ಒಪ್ಪಲೇಬೇಕು. ಹೋದ ತಿಂಗಳು ಕೋಟಿನ ಅಳತೆ ಕೊಡಲು ಬಂದವನು, ನನ್ನ ಅಂಗಡಿಯಲ್ಲಿ ಕೂತಿದ್ದ ಶಂಕರೆಪ್ಪನಿಗೆ ಮೊಬೈಲಿನಲ್ಲಿ ಅದೇ ಹಾಡು ಹಚ್ಚಿದ. ಸೀಳಿಲ್ಲದ ತಟ್ಟೆಯದು.

"ಕೇಳ್ರಿ ಗುರುಗಳ, ಇದರಾಗ ಟಕ್ ಟಕ್ ಇಲ್ಲ. ಇಷ್ಟು ದಿನ ನಾವು ತಟ್ಟ್ಯಾಗಿನ ಸೀಳನ್ನ ಬಾರಿಸೇವಿ. ಆ ಪೆಟ್ಟು ತಗದಬಿಡೂಣೇನ್ರಿ?"

ಶಂಕರೆಪ್ಪ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದ. ನೀಲಾಬಾಯಿಯ ಸಂಗತಿ ಮಿಲಿಂದನಿಗೆ ಗೊತ್ತಿರಲಿಲ್ಲ. ಹೇಳಬೇಕಾಗಿದ್ದ ನಾನು ಬಾಯಲ್ಲಿ ದಾರ ಕಚ್ಚಿಕೊಂಡು ಗುಂಡಿ ಹಚ್ಚುತ್ತ ಕೂತೆ.

"ಖರೇ ಐತಿ," ಎಂದ ಶಂಕರೆಪ್ಪ. "ಅವರು ಹೆಂಗ ಬಾರಿಸ್ಯಾರ, ಹಂಗ ಬಾರಸ್ರಿ. ತಪ್ಪು ಕಲಿಸಿದಾಂವ ನಾನ."

ಮಿಲಿಂದ ಹೋದ ಮೇಲೆ ಕೇಳಿದೆ: "ನೀಲಾಬಾಯಿಗೆ ಏನ ಹೇಳ್ತಿ?"

"ಹೇಳ್ತೀನಿ," ಎಂದ. ಹೇಳಲಿಲ್ಲ.

ನಿನ್ನೆ ಸಂಜೆ ಶಂಕರೆಪ್ಪ, ನೀಲಾಬಾಯಿ ಇರುವ ಓಣಿಯಲ್ಲಿ ಮದುವೆಯ ಮೆರವಣಿಗೆ. ನಾನೂ ಶಂಕರೆಪ್ಪನೂ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಮಿಲಿಂದ ಆ ಹಾಡನ್ನೇ, ಪೆಟ್ಟುಗಳಿಲ್ಲದೆ, ಎತ್ತಿಕೊಂಡ. ಎಷ್ಟು ಚೆಂದ ಊದಿದನೆಂದರೆ ಬೈಯಲೂ ನನಗೆ ಬಾಯಿ ಬರಲಿಲ್ಲ. ಶಂಕರೆಪ್ಪ ತಲೆ ತಗ್ಗಿಸಿದ್ದ, ತೊಡೆಯ ಮೇಲೆ ಅವನ ಬೆರಳು ಏಳು ಸಲ ಬಡಿಯಿತು. ನಾನು ಬೇರೆ ಕಡೆ ಮುಖ ಮಾಡಿದೆ.

ಬ್ಯಾಂಡು ನಮ್ಮನ್ನು ದಾಟಿ ಮೂಲೆ ತಿರುಗುತ್ತಿತ್ತು.

"ಭಾವಾರ," ಎಂದಳು ನೀಲಾಬಾಯಿ, "ಇವತ್ತ ಅವರ ಹಾಡು ಬಾರಸಂಗಿಲ್ಲೇನ್ರಿ?"

"ಬಾರಸ್ತಾರವಾ," ಎಂದ ಶಂಕರೆಪ್ಪ. "ಮುಂದ ಬಾರಸ್ತಾರ. ನಿಂದ್ರು."

ಅವಳು ನಿಂತಳು. ಹಾಡು ಮುಗಿದು, ಕೈಗೆ ಹತ್ತಿದ ಹಿಟ್ಟು ಒಣಗುವ ತನಕ ನಿಂತೇ ಇದ್ದಳು.