ಗೆರೆ ಮರಳಿದ ಕೈ

ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಬೇಕು. ಈ ಸಲ ಬ್ಯಾಂಕಿನಲ್ಲಿ ಬೆರಳ ಗುರುತಿನ ಯಂತ್ರದ ಗಾಜಿನ ಮೇಲೆ ಹೆಬ್ಬೆರಳು ಒತ್ತಿದೆ, ಕೆಂಪು ದೀಪ ಹತ್ತಿತು. ಉಳಿದ ಬೆರಳುಗಳನ್ನೂ ಅದು ಒಪ್ಪಲಿಲ್ಲ. ಕೌಂಟರಿನ ಹುಡುಗಿ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮುಂದಿನ ವಾರ ಬನ್ನಿ ಎಂದು ತೆಲುಗಿನಲ್ಲಿ ಹೇಳಿದಳು. ಎಣ್ಣೆ ಎಂದದ್ದೇ ತಡ, ಜೋಳದ ಹಿಟ್ಟು ಹಂಚಿನ ಮೇಲೆ ಸೀಯುವ ವಾಸನೆ ಬಂದಂತಾಯಿತು… ಸನತ್‌ನಗರದ ನಮ್ಮ ಓಣಿಯ ರೊಟ್ಟಿ ಅಕ್ಕನ ಒಲೆಯ ವಾಸನೆ.

ನನಗಿಂತ ಚಿಕ್ಕವಳಾದರೂ ಓಣಿಗೆಲ್ಲ ಆಕೆ ಅಕ್ಕ. ಯಾದಗಿರಿ ಕಡೆಯಿಂದ ಗಂಡನ ಜೊತೆ ಈ ತೆಲುಗು ಊರಿಗೆ ಕಟ್ಟಡ ಕೆಲಸಕ್ಕೆ ಬಂದವಳು, ಗಂಡ ತೀರಿಕೊಂಡ ಮೇಲೆ ಬಾಡಿಗೆ ಕೋಣೆಯ ಮುಂದೆ ಒಲೆ ಹೂಡಿದಳು. ಕೆಲಸ ಬಿಟ್ಟು ಬರುವ ನಮ್ಮ ಕಡೆಯ ಕೂಲಿಗಳೆಲ್ಲ ಅಲ್ಲಿಯೇ ಉಣ್ಣುತ್ತಿದ್ದರು. ನಾನು ಏಳೂವರೆಗೆ ಊಟಕ್ಕೆ ಕೂರುವವನು, ಏಳೂಕಾಲಿಗೆ ರೊಟ್ಟಿ ತರಲು ಹೋಗುತ್ತಿದ್ದೆ. ಆಕೆ ಸೌಟು, ಇಕ್ಕಳ ಮುಟ್ಟುತ್ತಿರಲಿಲ್ಲ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಯ ಬೆರಳ ತುದಿಯಿಂದಲೇ ತಿರುವಿ ಹಾಕುತ್ತಿದ್ದಳು.

ಆ ರೊಟ್ಟಿ ತಿಂದು ಹೋದ ಕಲಬುರಗಿಯ ಕುಟುಂಬವೊಂದು ಮಸ್ಕತ್‌ನಲ್ಲಿ ಖಾನಾವಳಿ ನಡೆಸುತ್ತಿತ್ತು. ಅಕ್ಕನನ್ನು ಕರೆಸಿಕೊಳ್ಳುತ್ತೇವೆ ಎಂದರು. ಆಕೆ ಹೂಂ ಎಂದುಬಿಟ್ಟಳು.

“ಇಲ್ಲಿ ಸಾಯೂತನಾ ರೊಟ್ಟಿ ಬಡದ್ರೂ ಬಾಡಿಗಿ ಖೋಲಿನೇ ಕಾಕಾರ. ಅಲ್ಲಿ ನಾಕ ವರ್ಷ ಬಡದ್ರ ನಂದಂತ ಒಂದ ಬಾಗಲಾ ಆಕೈತ್ರಿ.”

ಒಂದು ಬಾಗಿಲು. ಆಕೆ ಕೇಳಿದ್ದು ಅಷ್ಟೇ. ಅದಕ್ಕಾಗಿ ಏಜೆಂಟನಿಗೆ, ಪಾಸ್‌ಪೋರ್ಟಿಗೆ, ವೈದ್ಯರ ತಪಾಸಣೆಗೆ ಎಂದು ಮೊದಲು ಬೆಂಡೋಲೆ ಹೋಯಿತು, ಆಮೇಲೆ ಹೊಲಿಗೆ ಯಂತ್ರ. ಎಲ್ಲ ಮುಗಿಯಿತು ಎನ್ನುವಾಗ ವೀಸಾ ಕಚೇರಿಯ ಯಂತ್ರ ಆಕೆಯ ಬೆರಳನ್ನು ಗುರುತಿಸಲಿಲ್ಲ. ಬಿಸಿ ಹಂಚು ಗೆರೆಗಳನ್ನೆಲ್ಲ ಸವೆಸಿಬಿಟ್ಟಿತ್ತು. ಇನ್ನೊಂದು ಸಲ ಬಾ, ಆಗಲೂ ಬರದಿದ್ದರೆ ಅರ್ಜಿ ರದ್ದು ಎಂದರಂತೆ.

“ಕಳ್ಳರು ಗುರುತು ಸಿಗಬಾರದಂತ ಕೈಗವಸು ಹಾಕ್ಕೋತಾರಂತ್ರಿ. ನಾ ರೊಟ್ಟಿ ಬಡದ ಕಳ್ಳಿ ಆದೆ ನೋಡ್ರಿ,” ಎಂದು ನಕ್ಕಳು. ಅಂಗೈ ಮಾತ್ರ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಒಲೆ, ಹಿಟ್ಟು, ಸೋಪು ಮುಟ್ಟದಿದ್ದರೆ ಗೆರೆ ಮರಳಬಹುದು ಎಂದು ವೈದ್ಯರು ಹೇಳಿದರು. ಊರಿನಿಂದ ಅಕ್ಕನ ನಾದಿನಿ ಬಂದು ಒಲೆಯ ಮುಂದೆ ಕೂತಳು. ಅಕ್ಕ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಗೋಡೆಗೆ ಒರಗಿ ಕೂತಳು. ಆಕೆ ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾದಿನಿಯ ರೊಟ್ಟಿ ದಪ್ಪ, ಅಂಚು ಹರಿಯುತ್ತಿತ್ತು. ಕೈಯೂ ನಿಧಾನ, ನನ್ನ ಊಟ ಎಂಟಕ್ಕೆ ಜಾರಿತು. ಕೂಲಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದರು. ಉಳಿದವನೊಬ್ಬ ಕೆಣಕಿದ:

“ಏನಕ್ಕಾ, ಮಸ್ಕತ್‌ನ್ಯಾಗ ಒಂಟಿಗೆ ರೊಟ್ಟಿ ಬಡ್ಯಾಕಿ ಏನ?”

“ಒಂಟಿ ನಿನಗಿಂತ ಚಲೋ ಬಿಡೊ. ದಪ್ಪ ಆತು ಅನ್ನಂಗಿಲ್ಲ.”

ಒಂದು ಸಂಜೆ ನಾದಿನಿ ಎತ್ತಿದ ರೊಟ್ಟಿ ಹಂಚಿನ ಮೇಲೆಯೇ ಎರಡು ತುಂಡಾಯಿತು. ಅಕ್ಕ ದಡಕ್ಕನೆ ಎದ್ದು ಕೈ ಚಾಚಿದಳು. ಬೆರಳು ಹಂಚಿಗೆ ತಾಗುವಷ್ಟು ಹತ್ತಿರ ಹೋಗಿತ್ತು… ಹಾಗೆಯೇ ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಒಳಗೆ ಹೋದಳು. ನಾನು ತುಂಡಾದ ರೊಟ್ಟಿಯನ್ನೇ ಕಟ್ಟಿಸಿಕೊಂಡು ಬಂದೆ.

ಎರಡನೇ ಸಲ ಯಂತ್ರ ಬೆರಳನ್ನು ಒಪ್ಪಿತು. ಅಕ್ಕ ಹೋದಳು. ನಾದಿನಿ ಸ್ವಲ್ಪ ದಿನ ಒಲೆ ನಡೆಸಿ, ಕಾಚಿಗೂಡದಲ್ಲಿ ಊರಿನ ರೈಲು ಹತ್ತಿದಳು.

ಕೆಲವು ವರ್ಷಗಳ ನಂತರ ರಜೆಗೆ ಬಂದಾಗ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಯಾದಗಿರಿಯಲ್ಲಿ ಮನೆ ಕಟ್ಟಿಸಿದ್ದಳು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಕಾಕಾರಿಗೆ ಇವತ್ತು ರೊಟ್ಟಿ ನಾನೇ ಮಾಡತೀನಿ ಎಂದು ಅಡುಗೆಮನೆಗೆ ನಡೆದಳು. ಬಡಿದದ್ದು ಹಳೆಯ ಲಯದಲ್ಲಿಯೇ. ಆದರೆ ತಿರುವಿ ಹಾಕಲು ಹೋದವಳು ಸ್ಸ್ ಎಂದು ಕೈ ಎಳೆದುಕೊಂಡಳು. ಮತ್ತೊಮ್ಮೆ ಪ್ರಯತ್ನಿಸಿದಳು. ಆಗಲಿಲ್ಲ.

“ಅಲ್ಲಿ ಮಿಷನ್ ಬಡೀತೈತ್ರಿ. ನಾ ಬರೇ ಬಟನ್ ಒತ್ತಾಕಿ,” ಎಂದಳು. ಉರಿ ಸಣ್ಣ ಮಾಡಿ, “ಸೌಟ್ ಎಲ್ಲೈತ್ರಿ ಕಾಕಾರ?” ಎಂದು ಕೇಳಿದಳು.

ನಾನು ಸೌಟು ತೆಗೆದುಕೊಟ್ಟೆ. ಏಳೂವರೆಗೆ ಸರಿಯಾಗಿ ಊಟವಾಯಿತು. ರೊಟ್ಟಿ ಚೆನ್ನಾಗಿಯೇ ಇತ್ತು.

ಆಕೆ ಮತ್ತೆ ಹೋದಳು. ಆಮೇಲೆ ಈ ಕಡೆ ಬರಲಿಲ್ಲ. ಯಾದಗಿರಿಯ ಆ ಬಾಗಿಲಿಗೆ ಈಗಲೂ ಬೀಗವೇ ಇದೆ ಎಂದು ಊರಿನಿಂದ ಬಂದವರು ಹೇಳುತ್ತಾರೆ. ನಮ್ಮ ಓಣಿಯಲ್ಲಿ ಆಕೆಯ ಒಲೆಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ.

ಈಗ ದಿನವೂ ಬೆಳಿಗ್ಗೆ, ರಾತ್ರಿ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ. ಅಕ್ಕ ತನ್ನ ಕೆಲಸ ಬಿಟ್ಟಾಗ ಗೆರೆಗಳು ಮರಳಿದ್ದವು. ನನಗೆ ಬಿಡಲು ಯಾವ ಕೆಲಸವೂ ಉಳಿದಿಲ್ಲ.