ಆಟದ ಲಂಗಕ್ಕೆ ಹಚ್ಚಿದ ಪಂಚೆ

ನನಗೆ ಓಡಲು ಬರುವುದಿಲ್ಲ. ಬಸ್ಸು ಕಣ್ಣೆದುರಿಗೆ ಹೊರಟರೂ ನಡೆದೇ ಹೋಗುತ್ತೇನೆ. ಅದು ಹೋಗಿಬಿಟ್ಟರೆ ಮುಂದಿನದಕ್ಕೆ ಕಾಯುತ್ತೇನೆ. ಇದನ್ನು ಕಂಡು ಮೊಮ್ಮಕ್ಕಳು ನೀವೆಲ್ಲ ನಗುತ್ತೀರಿ. ಮಂಡಿ ನೋವು ಶುರುವಾಗುವುದಕ್ಕೆ ಮುಂಚೆಯೂ ನಾನು ಹೀಗೇ ಇದ್ದೆ.

ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೇ ತರಗತಿಯವರೆಗೆ. ಶನಿವಾರ ಬೆಳಿಗ್ಗೆ ಡ್ರಿಲ್ ಇರುತ್ತಿತ್ತು. ಅದು ಗಂಡುಹುಡುಗರಿಗೆ. ಅವರು ಸಾಲಾಗಿ ನಿಂತು ಕೈ ಎತ್ತಿ ಇಳಿಸುವಾಗ ನಾವು ಹುಡುಗಿಯರು ಬಾವಿಯಿಂದ ನೀರು ಸೇದಿ ಶಾಲೆಯ ಗಿಡಗಳಿಗೆ ಹಾಕುತ್ತಿದ್ದೆವು. ನಮಗೆ ಅದೇ ಡ್ರಿಲ್ ಎಂದು ಹಳೆಯ ಮೇಷ್ಟ್ರು ಹೇಳುತ್ತಿದ್ದರು. ಒಂದು ವರ್ಷ ಎಳೆ ವಯಸ್ಸಿನ ಹೊಸ ಮೇಷ್ಟ್ರು ಬಂದು ಹುಡುಗಿಯರೂ ಓಡಬೇಕು ಎಂದರು. ನಾನು ಲಂಗವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಓಡಿದೆ. ಮುಂದಿದ್ದೆನೋ ಹಿಂದಿದ್ದೆನೋ ನೆನಪಿಲ್ಲ. ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಬರುತ್ತಿದ್ದ ನಮ್ಮ ದೊಡ್ಡಪ್ಪ ನಿಂತು ನೋಡಿದ್ದು ಮಾತ್ರ ನೆನಪಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ನಮ್ಮವ್ವನಿಗೆ, "ನಿನ್ ಮಗ್ಳ ಕಾಲ್ನ ಇವತ್ತು ಊರೆಲ್ಲ ನೋಡ್ತು ಕಣವ್ವ" ಎಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಮುದ್ದೆ ಮುರಿಯುತ್ತ ಹೇಳಿದರು, ಅಷ್ಟೇ. ನಮ್ಮವ್ವ ತಲೆ ತಗ್ಗಿಸಿ ಸಾರು ಬಡಿಸಿದಳು. ಮುಂದಿನ ಶನಿವಾರ ನಾನು ಯಾರೂ ಹೇಳದೆ ಬಾವಿಯ ಕಡೆಗೆ ಹೋದೆ.

ಆಮೇಲೆ ಮದುವೆಯಾಗಿ ಈ ಊರಿಗೆ ಬಂದೆ. ಆಗ ಇದು ನಾಗಸಂದ್ರದ ಆಚೆಗೆ ಹೊಲಗಳ ನಡುವೆ ಇದ್ದ ಊರು. ನಾನು ನೋಡನೋಡುತ್ತಿದ್ದಂತೆ ಹೊಲಗಳೆಲ್ಲ ಶೆಡ್ಡುಗಳಾದವು, ಶೆಡ್ಡುಗಳ ನಡುವೆ ನಾವು ಬಾಡಿಗೆಗೆ ಕೊಡುವ ಮನೆಗಳಾದವು. ನಿಮ್ಮ ತಾತ ತೀರಿಕೊಂಡ ಮೇಲೆ ಮನೆಯಲ್ಲಿ ಹಗಲು ಹೊತ್ತು ನಾನು, ನೀವು. ನಿಮ್ಮಪ್ಪ ಪೀಣ್ಯದಲ್ಲಿ ಶಿಫ್ಟಿಗೆ ಹೋಗುತ್ತಿದ್ದ, ನಿಮ್ಮಮ್ಮ ಜಾಲಹಳ್ಳಿಯ ಕಚೇರಿಗೆ. ನಿಮಗೆ ಜಡೆ ಹಾಕುವುದು, ಡಬ್ಬಿ ಕಟ್ಟುವುದು, ಬಟ್ಟೆ ಇಸ್ತ್ರಿ ಮಾಡುವುದು ನನ್ನ ಕೆಲಸ. ಆ ಕೆಲಸದಲ್ಲಿ ನನ್ನದೇ ಒಂದು ಗತ್ತು ಇತ್ತು.

ನಿಮ್ಮ ಶಾಲೆಗೆ ಆಟದ ಬಯಲು ಇರಲಿಲ್ಲ. ಒಳಗೆ ಸಿಮೆಂಟು ಹಾಕಿದ ಅಂಗಳ, ಅದರಲ್ಲಿ ಅರ್ಧದಷ್ಟು ವ್ಯಾನುಗಳು. ಅದಕ್ಕೇ ಪಿ.ಟಿ. ಪೀರಿಯಡ್ಡಿಗೆ ಮಕ್ಕಳನ್ನು ನಮ್ಮ ರಸ್ತೆಯ ಕೊನೆಯಲ್ಲಿದ್ದ ಖಾಲಿ ಸೈಟಿಗೆ ಸಾಲಾಗಿ ಕರೆದುಕೊಂಡು ಬರುತ್ತಿದ್ದರು. ಸೈಟಿನ ಒಂದು ಬದಿಗೆ ಕಬ್ಬಿಣ ಕಡೆಯುವ ಲೇತ್ ಶೆಡ್ಡುಗಳು, ಅವುಗಳ ಮುಂದೆ ಮೋಟು ಗೋಡೆ. ಊಟದ ಹೊತ್ತಿಗೆ ಶೆಡ್ಡಿನ ಗಂಡಸರು ಆ ಗೋಡೆಯ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದರು. ಎದುರಿಗೆ ಹುಡುಗಿಯರು ಓಡುತ್ತಿದ್ದರು. ಅಂಗಡಿಗೆಂದು ಆ ಕಡೆ ಹೋದಾಗಲೆಲ್ಲ ನನಗೆ ಮೈಯೆಲ್ಲ ಮುದುರಿದಂತೆ ಆಗುತ್ತಿತ್ತು. ಓಡುತ್ತಿದ್ದವಳು ನಾನೇ ಏನೋ ಎನ್ನುವ ಹಾಗೆ ಸೆರಗು ಎಳೆದುಕೊಂಡು ಬರುತ್ತಿದ್ದೆ.

ಆ ಪಿ.ಟಿ. ಪಾಠದ ಬಗ್ಗೆ ನನಗೆ ಎಂದೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಉಳಿದ ಪಾಠಗಳಲ್ಲಿ ಗೊತ್ತಿಲ್ಲದವರು ಪುಸ್ತಕದ ಹಿಂದೆ ಮುಖ ಇಟ್ಟುಕೊಳ್ಳಬಹುದು. ಆಟದ ಪಾಠದಲ್ಲಿ ಮೈಯನ್ನು ಎಲ್ಲಿ ಇಟ್ಟುಕೊಳ್ಳುವುದು? ದಪ್ಪಗಿರುವ ಮಗು ದಪ್ಪಗಿರುವುದು, ತೆಳ್ಳಗಿರುವುದು ತೆಳ್ಳಗಿರುವುದು, ದೊಡ್ಡವಳಾಗುತ್ತಿರುವವಳು ದೊಡ್ಡವಳಾಗುತ್ತಿರುವುದು, ಎಲ್ಲವೂ ಬಿಸಿಲಿಗೆ ಬೀಳುತ್ತದೆ. ಗಣಿತದ ಸಾರ್ ಪಿ.ಟಿ. ಪೀರಿಯಡ್ಡನ್ನು ಕಿತ್ತುಕೊಂಡರೆಂದು ನೀವು ಮುಖ ಊದಿಸಿಕೊಂಡು ಮನೆಗೆ ಬಂದ ದಿನ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ನಿಮ್ಮಲ್ಲಿ ದೊಡ್ಡವಳು ಏಳನೇ ತರಗತಿಯಲ್ಲಿದ್ದಾಗ ಖೊಖೊ ಟೀಮಿಗೆ ಸೇರಿದಳು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ಇನ್ನೊಂದು ಶಾಲೆಯ ಹುಡುಗಿಯರು ಶನಿವಾರ ಇದೇ ಸೈಟಿಗೆ ಬಂದು ಆಡುವುದೆಂದು ಗೊತ್ತಾಯಿತು. ಟೀಮಿನವರಿಗೆಲ್ಲ ಬಿಳಿ ಡಿವೈಡೆಡ್ ಸ್ಕರ್ಟ್ ಕೊಟ್ಟರು. ನೋಡಲು ಲಂಗದಂತೆ, ನಡುವೆ ಹೊಲಿದು ಚಡ್ಡಿಯಂತೆ ಮಾಡಿದ್ದು, ಮಂಡಿಯಿಂದ ಒಂದು ಗೇಣು ಮೇಲಕ್ಕೆ. ಅವಳು ಅದನ್ನು ಮೈಗೆ ಹಿಡಿದುಕೊಂಡು ಮನೆಯೆಲ್ಲ ಸುತ್ತಿದಳು.

"ಅಜ್ಜಿ, ಶನಿವಾರ ನೀನು ಬರ್ಲೇಬೇಕು. ಅಪ್ಪ ಅಮ್ಮಂಗೆ ರಜ ಇಲ್ಲ. ಎಲ್ರ ಮನೆಯಿಂದ್ಲೂ ಬರ್ತಾರೆ."

"ಮಗಾ, ಇದು ಇಷ್ಟು ಗಿಡ್ಡ ಐತಲ್ಲ."

"ಓಡ್ಬೇಕಲ್ಲಜ್ಜಿ. ಉದ್ದ ಇದ್ರೆ ಕಾಲಿಗೆ ಸಿಗುತ್ತೆ."

"ಆ ಗೋಡೆ ಮೇಲೆ ಗಂಡಸ್ರು ಕೂತಿರ್ತಾರೆ ಕಣವ್ವ."

"ಅವ್ರು ಊಟ ಮಾಡಕ್ಕೆ ಕೂತಿರ್ತಾರೆ" ಎಂದಳು.

ಅವಳ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಮುಗಿಯಲಿಲ್ಲ. ಶುಕ್ರವಾರ ಅವಳು ಶಾಲೆಗೆ ಹೋದ ಮೇಲೆ ಇಸ್ತ್ರಿ ಮಾಡಲೆಂದು ಸ್ಕರ್ಟನ್ನು ತೆಗೆದೆ. ಬೀರುವಿನಲ್ಲಿ ನಿಮ್ಮ ತಾತನ ಪಂಚೆಗಳಿದ್ದವು. ಮೆತ್ತನೆಯ ಒಂದನ್ನು ಆರಿಸಿ, ಅಂಚು ತೆಗೆದು, ಅಗಲವಾದ ಎರಡು ಪಟ್ಟಿ ಹರಿದು, ಸ್ಕರ್ಟಿನ ಎರಡೂ ಕಾಲಿಗೆ ಹಚ್ಚಿದೆ. ಓಡುವಾಗ ಬಿಚ್ಚಿಕೊಳ್ಳಬಾರದೆಂದು ದಪ್ಪ ದಾರದಲ್ಲಿ ಒತ್ತೊತ್ತಾಗಿ, ಎರಡೆರಡು ಸಲ ಹೊಲಿದೆ. ಮಂಡಿ ಮುಚ್ಚಿ ಹೆಚ್ಚುಕಡಿಮೆ ಕಣಕಾಲಿನವರೆಗೆ ಇಳಿಯಿತು. ಆಗ ನನಗೆ ನಾಚಿಕೆಯಾಗಲಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅನ್ನಿಸಿತು. ನಿಮ್ಮ ತಾತ ಇದ್ದಿದ್ದರೆ ಮೆಚ್ಚುತ್ತಿದ್ದರು ಎಂದೂ ಅಂದುಕೊಂಡೆ. ಅವರು ಮೆಚ್ಚುತ್ತಿದ್ದರೋ ಇಲ್ಲವೋ ಈಗ ಯಾರು ಹೇಳಬೇಕು.

ಶನಿವಾರ ಬೆಳಿಗ್ಗೆ ನಿಮ್ಮಮ್ಮ ಹೊರಟುಹೋದ ಮೇಲೆ ಅವಳು ಸ್ಕರ್ಟು ಹಾಕಿಕೊಂಡಳು. ಕನ್ನಡಿಯ ಮುಂದೆ ನಿಂತು ಪಟ್ಟಿಯನ್ನು ಎಳೆದು ನೋಡಿದಳು.

"ಅಜ್ಜಿ, ಇದೇನ್ ಮಾಡಿದೀಯ?"

"ಚೆನ್ನಾಗೈತೆ ಕಣೆ. ಬಿಳಿಗೆ ಬಿಳಿ. ಯಾರ್ಗೂ ಗೊತ್ತಾಗಕ್ಕಿಲ್ಲ."

"ಇದು ಬಿಳಿ ಅಲ್ಲ ಅಜ್ಜಿ, ನೀಲಿ."

ನಿಜ. ಪಂಚೆಗೆ ನಾನು ವರ್ಷಗಟ್ಟಲೆ ನೀಲಿ ಹಾಕಿ ಒಗೆದಿದ್ದೆ. ಮನೆಯೊಳಗಿನ ಬೆಳಕಿನಲ್ಲಿ ಅದು ನನಗೆ ಕಂಡಿರಲಿಲ್ಲ. ಬಿಚ್ಚಲು ಹೊತ್ತಿರಲಿಲ್ಲ. ವ್ಯಾನಿನವನು ಹಾರ್ನ್ ಮಾಡುತ್ತಿದ್ದ. ಅವಳು ಅಳಲಿಲ್ಲ. ಹೊಲಿಗೆ ಡಬ್ಬಿಯಿಂದ ಪಿನ್ನುಗಳನ್ನು ಹುಡುಕಿ, ಪಟ್ಟಿಗಳನ್ನು ಒಳಕ್ಕೆ ಮಡಿಸಿ ಚುಚ್ಚಿಕೊಂಡಳು. ಮೆಟ್ಟಿಲ ಮೇಲೆ ತಿರುಗಿ, "ಹನ್ನೆರಡಕ್ಕೆ ಬಾ" ಎಂದಳು. ಇಷ್ಟಾದ ಮೇಲೂ ಕರೆದಳು.

ನಾನು ಹೋದೆ. ಸುಣ್ಣದ ಗೆರೆ ಎಳೆದಿದ್ದರು. ಮನೆಗಳ ಹೆಂಗಸರು ಒಂದು ಕಡೆ ನಿಂತಿದ್ದರು, ನಾನು ಅವರ ಬೆನ್ನ ಹಿಂದೆ ನಿಂತೆ. ಗೋಡೆಯ ಮೇಲೆ ಶೆಡ್ಡಿನವರು ಆಗಲೇ ಕೂತಿದ್ದರು. ಖೊಖೊದಲ್ಲಿ ಒಂದು ಕಡೆಯವರು ಸಾಲಾಗಿ ಕುಕ್ಕರಗಾಲಲ್ಲಿ ಕೂರಬೇಕು, ಹಿಂದಿನಿಂದ ಬೆನ್ನು ಮುಟ್ಟಿ ಖೊ ಅಂದಕೂಡಲೇ ಚಿಮ್ಮಿ ಎದ್ದು ಅಟ್ಟಿಸಿಕೊಂಡು ಹೋಗಬೇಕು. ನಮ್ಮವಳು ಸಾಲಿನ ನಡುವೆ ಕೂತಿದ್ದಳು. ಖೊ ಎಂದರು. ಅವಳು ಎದ್ದಳು. ಪಿನ್ನು ಕಿತ್ತುಬಂತು. ಪಟ್ಟಿ ಜಾರಿ ಪಾದದ ಹತ್ತಿರಕ್ಕೆ ಬಂತು, ಅವಳು ಅದನ್ನೇ ತುಳಿದು ಮುಗ್ಗರಿಸಿ ಬಿದ್ದಳು. ಎದ್ದಾಗ ಇನ್ನೊಂದು ಕಾಲಿನದೂ ಇಳಿದಿತ್ತು. ಬಿಸಿಲಿನಲ್ಲಿ ಆ ನೀಲಿ ದೂರಕ್ಕೂ ಕಾಣುತ್ತಿತ್ತು.

"ಏಯ್, ಪೂಜಾರಪ್ಪ ಬಂದ್ರು ಕಣ್ರೇ, ದಾರಿ ಬಿಡಿ" ಎಂದಿತು ಆ ಶಾಲೆಯ ಒಂದು ಹುಡುಗಿ.

"ಮಗಾ, ಪಂಚೆ ಉಟ್ಕೊಂಡು ಆಡ್ತಾವ್ರೆ ನೋಡೋ" ಎಂದ ಗೋಡೆಯ ಮೇಲಿನವನೊಬ್ಬ. "ಶಲ್ಯ ಮನೇಲ್ ಬಿಟ್ಟು ಬಂದವ್ರೆ" ಎಂದ ಅವನ ಪಕ್ಕದವನು. ಗೋಡೆಯುದ್ದಕ್ಕೂ ನಗು ಹೋಯಿತು.

ಪಿ.ಟಿ. ಮಿಸ್ ಸೀಟಿ ಊದಿ ಆಟ ನಿಲ್ಲಿಸಿದರು. ಅವರಿಗೂ ನಗು ಬಂದಿತ್ತು, ತಡೆದುಕೊಂಡರು. "ಯಾರಮ್ಮ ಇದನ್ನ ಹೀಗ್ ಮಾಡಿದ್ದು?" ಎಂದು ಕೇಳಿದರು. ನಾನು ಮುಂದಿದ್ದ ಹೆಂಗಸಿನ ಹೆಗಲ ಹಿಂದೆ ಇನ್ನೂ ಸ್ವಲ್ಪ ಸರಿದೆ. ನಮ್ಮವಳು ನನ್ನ ಕಡೆ ನೋಡದೆ, "ಮನೇಲಿ ಮಿಸ್" ಎಂದಳು. ಮಿಸ್ ಹೇಳಿದರು, "ಈ ಟರ್ನ್ ಮುಗಿಯೋಷ್ಟ್ರಲ್ಲಿ ಸರಿ ಮಾಡ್ಕೊಂಡ್ ಬಾ. ಇಲ್ಲಾಂದ್ರೆ ಬೇರೆಯವ್ರನ್ನ ಕಳಿಸ್ತೀನಿ." ಈ ಸಲ ಕೂತು ಅಟ್ಟಿಸಿದವರು ಮುಂದಿನ ಸಲ ಓಡಿ ತಪ್ಪಿಸಿಕೊಳ್ಳಬೇಕು. ಟೀಮಿನಲ್ಲಿ ಅವಳನ್ನು ಇಟ್ಟುಕೊಂಡಿದ್ದೇ ಆ ಓಟಕ್ಕಾಗಿ.

ಅವಳು ನೇರವಾಗಿ ನನ್ನ ಹತ್ತಿರ ಬಂದು ನಿಂತಳು. "ಅಜ್ಜಿ, ಬಿಚ್ಚು."

"ಮನೆಗೆ ಓಗಿ..."

"ಮನೆಗೆ ಹೋಗಕ್ಕೆ ಟೈಮಿಲ್ಲ. ಇಲ್ಲೇ ಬಿಚ್ಚು."

ಹೆಂಗಸರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಸುತ್ತ ಎಲ್ಲರೂ ನೋಡುತ್ತಿರುವಾಗ ನಾನು ಅವಳ ಕಾಲಿನ ಹತ್ತಿರ ಮಂಡಿಯೂರಿ ಕೂತೆ. ಉಗುರಿನಿಂದ ಕಿತ್ತೆ, ದಾರ ಜಗ್ಗಲಿಲ್ಲ. ಪಿನ್ನಿನ ಮೊನೆಯಿಂದ ಎಬ್ಬಿಸಿದೆ, ಪಿನ್ನು ಬಾಗಿತು. ಹಲ್ಲು ಹಚ್ಚಿ ಎಳೆದೆ. ಸೆರಗು ತಲೆಯಿಂದ ಜಾರಿತು, ಎರಡು ಕೈಯೂ ಕೆಲಸದಲ್ಲಿದ್ದುದರಿಂದ ಅದನ್ನು ಎಳೆದುಕೊಳ್ಳಲೂ ಆಗಲಿಲ್ಲ. ಅಷ್ಟು ಜನರ ಎದುರಿಗೆ ನಾನು ಹಿಂದೆ ಎಂದೂ ಹಾಗೆ ಕೂತವಳಲ್ಲ. ನನ್ನ ಹೊಲಿಗೆ ಅಷ್ಟು ಗಟ್ಟಿ ಎಂದು ಗೊತ್ತಾದದ್ದೂ ಅವತ್ತೇ.

ಆಗ ಗೋಡೆಯಿಂದ ಒಬ್ಬ ಇಳಿದು ಬಂದ. ಎಣ್ಣೆ ಮೆತ್ತಿದ ಅಂಗಿ, ನಿಮ್ಮಪ್ಪನ ವಯಸ್ಸು. ಮುರಿದ ಗರಗಸದ ಬ್ಲೇಡಿಗೆ ಸಾಣೆ ಹಿಡಿದು ಮಾಡಿಕೊಂಡ ಚಾಕು ಅವನ ಕೈಯಲ್ಲಿತ್ತು, ಹಿಡಿಯುವ ಕಡೆ ಬಟ್ಟೆ ಸುತ್ತಿತ್ತು. "ತಗೊಳಮ್ಮ. ನೋಡ್ಕೊಂಡು ಮಾಡಿ, ಕೈ ಕುಯ್ದಾತು" ಎಂದು ಚಾಚಿದ. ಕೊಟ್ಟು, ನಮ್ಮ ಕಡೆ ಬೆನ್ನು ಮಾಡಿ ನಿಂತ. ಹಾಗೆ ನಿಂತದ್ದರಿಂದ ಗೋಡೆಯವರ ಕಣ್ಣಿಗೂ ನಮಗೂ ನಡುವೆ ಅವನ ಬೆನ್ನು ಬಂತು. ಯಾರಿಂದ ಹುಡುಗಿಯನ್ನು ಮರೆಮಾಡಬೇಕೆಂದು ಒಂದು ಹಗಲೆಲ್ಲ ಕೂತು ಹೊಲಿದಿದ್ದೆನೋ ಅವರಲ್ಲಿ ಒಬ್ಬ ಅವನು. ಅವನ ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ.

ಬ್ಲೇಡಿನಿಂದ ಒಂದು ಕಾಲಿನ ಪಟ್ಟಿ ಬಂತು. ಎರಡನೆಯದರಲ್ಲಿ ಬ್ಲೇಡು ಜಾರಿ ಸ್ಕರ್ಟಿನ ಬಟ್ಟೆಯೇ ಸೀಳಿತು. ಅಷ್ಟರಲ್ಲಿ ಸೀಟಿ ಕೇಳಿಸಿತು. ಮಿಸ್ ಇತ್ತ ನೋಡಿದರು, ಇನ್ನೊಬ್ಬಳ ಹೆಸರು ಕರೆದರು. ಆ ಹುಡುಗಿ ಶೂಸಿನ ಲೇಸು ಬಿಗಿದುಕೊಂಡು ಒಳಗೆ ಓಡಿತು.

ನಮ್ಮವಳು ಗೆರೆಯ ಹೊರಗೆ ಕೂತಳು, ಒಂದು ಕಾಲಿಗೆ ಪಟ್ಟಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ನಮ್ಮ ಶಾಲೆಯೇ ಗೆದ್ದಿತು. ಎಲ್ಲರೂ ಕೂಗಿ ಕುಣಿದರು. ಅವಳು ಕೂತಲ್ಲೇ ಚಪ್ಪಾಳೆ ತಟ್ಟಿದಳು. ಸೋತಿದ್ದರೆ ಅವಳಿಲ್ಲದೆ ಸೋತೆವು ಎಂದಾದರೂ ಯಾರೋ ಹೇಳುತ್ತಿದ್ದರು.

ಸಂಜೆ ನಿಮ್ಮಮ್ಮ ಆ ಸ್ಕರ್ಟು ನೋಡಿ ಕೂತು ನಕ್ಕಳು. "ಅತ್ತೆ, ಒಂದ್ ಕಡೆ ಶಾಸ್ತ್ರಿಗಳು, ಒಂದ್ ಕಡೆ ಸ್ಪೋರ್ಟ್ಸು." ನಿಮ್ಮಪ್ಪನೂ ನಕ್ಕ. ಆಮೇಲೆ ಅದು ಮನೆಯ ನಗೆಮಾತಾಯಿತು. ನೆಂಟರು ಬಂದಾಗಲೆಲ್ಲ ನೀವು ಚಿಕ್ಕವರು ಟವೆಲ್ಲು ಸುತ್ತಿಕೊಂಡು ಆಡಿ ತೋರಿಸುತ್ತಿದ್ದಿರಿ. ನಾನೂ ನಗುತ್ತಿದ್ದೆ, ನಗದೆ ಇದ್ದರೆ ಇನ್ನೂ ಕೇಳುತ್ತಾರೆಂದು. ದೊಡ್ಡವಳು ಮಾತ್ರ ಎದ್ದು ಹೋಗುತ್ತಿದ್ದಳು, ನೀವು ಅದನ್ನು ಗಮನಿಸಿದ್ದಿರೋ ಇಲ್ಲವೋ. ಆ ಶನಿವಾರ ಮಲಗುವ ಮುಂಚೆ ಅವಳು ನನ್ನ ಹತ್ತಿರ ಬಂದು ಹೇಳಿದ್ದು ನಿಮಗಾರಿಗೂ ಗೊತ್ತಿಲ್ಲ.

"ಅಜ್ಜಿ, ಇನ್ಮೇಲೆ ನನ್ ಮ್ಯಾಚ್‌ಗೆ ಬರ್ಬೇಡ."

"ಇಲ್ಲವ್ವ. ಬರಕ್ಕಿಲ್ಲ" ಎಂದೆ.

ಕೋಪದಿಂದ ಹೇಳಿದ್ದರೆ ಮಾರನೇ ದಿನ ಮರೆತುಹೋಗುತ್ತಿತ್ತು. ಅವಳು ಕೋಪದಿಂದ ಹೇಳಲಿಲ್ಲ.

ಮಿಸ್ ಅವಳನ್ನು ಟೀಮಿನಿಂದ ಬಿಡಲಿಲ್ಲ. ಹೊಸ ಸ್ಕರ್ಟು ಬಂತು, ಹತ್ತನೇ ತರಗತಿಯವರೆಗೂ ಅವಳು ಆಡಿದಳು. ವ್ಯಾನಿನಲ್ಲಿ ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದಳು. ನಾನು ಸ್ಕರ್ಟು ಇಸ್ತ್ರಿ ಮಾಡಿ ಮಂಚದ ಮೇಲೆ ಇಡುತ್ತಿದ್ದೆ. ಅವಳು ಎತ್ತಿಕೊಂಡು ಮೊದಲು ಕೆಳಗಿನ ಮಡಿಕೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದಳು. ಪ್ರತಿ ಸಲವೂ. ಸಂಜೆ ಬಂದಾಗ "ಗೆದ್ರಾ?" ಎನ್ನುತ್ತಿದ್ದೆ. "ಹ್ಞೂಂ" ಎನ್ನುತ್ತಿದ್ದಳು, ಇಲ್ಲವೇ "ಇಲ್ಲ". ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿರಲಿಲ್ಲ.

ಅವಳ ಕೊನೆಯ ವರ್ಷ ಅದೇ ಸೈಟಿನಲ್ಲಿ ಒಂದು ಪಂದ್ಯ ಇಟ್ಟರು. ಅದು ನನಗೆ ತಿಳಿದದ್ದು ಅಂಗಡಿಯವನಿಂದ. ಕೊತ್ತಂಬರಿ ಸೊಪ್ಪು ಕೊಳ್ಳುವ ನೆಪ ಮಾಡಿಕೊಂಡು ರಸ್ತೆಯ ತಿರುವಿನವರೆಗೂ ಹೋದೆ. ಅಲ್ಲಿಂದ ಸೈಟು ಕಾಣುವುದಿಲ್ಲ, ಕೂಗು ಕೇಳುತ್ತದೆ. ನಮ್ಮ ಬಾಡಿಗೆ ಮನೆಯ ಹೆಂಗಸು ಮಗುವನ್ನು ಎತ್ತಿಕೊಂಡು ಆ ಕಡೆಯಿಂದ ಬಂದಳು.

"ಇಲ್ಯಾಕ್ ನಿಂತಿದೀರ, ಬನ್ನಿ ಅಮ್ಮ. ನಿಮ್ ಮೊಮ್ಮಗ್ಳು ಸಕ್ಕತ್ತಾಗಿ ಓಡ್ತಾವ್ಳೆ, ಒಬ್ರ ಕೈಗೂ ಸಿಗ್ತಿಲ್ಲ."

"ಒಲೆ ಮೇಲೆ ಹಾಲಿಟ್ಟಿವ್ನಿ ಕಣವ್ವ" ಎಂದೆ.

ಅವಳು ನಂಬಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಇನ್ನೂ ಎರಡು ಸಲ ಖೊ ಎಂಬ ಕೂಗು ಕೇಳಿಸಿಕೊಂಡು, ಸೊಪ್ಪು ಹಿಡಿದುಕೊಂಡು ಮನೆಗೆ ಬಂದೆ.