ಕೀಲಿ ಹಾಕಿದ ಕೋಣೆಯಲ್ಲಿ ಅಕ್ಕನ ಗಾಡಿ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನನ್ನ ಅಕ್ಕನನ್ನು ಅವಳ ಗಾಡಿಯಿಂದ ಇಳಿಸಿದರು. ಶಹಾಪುರದಲ್ಲಿ ಯಾರನ್ನೇ ಕೇಳಿ, ಅವತ್ತಿನ ಅನಾಹುತ ಮಧ್ಯಾಹ್ನ ಹೆಜ್ಜೇನು ಎದ್ದಾಗ ಶುರುವಾಯಿತು ಅನ್ನುತ್ತಾರೆ. ಪೇಪರಿನಲ್ಲೂ ಹಾಗೇ ಬಂತು. ಜೇನಿನ ಮೇಲೆ ತಪ್ಪು ಹೊರಿಸುವುದು ಸುಲಭ. ಅದು ಮರುದಿನ ಸ್ಪಷ್ಟೀಕರಣ ಕೊಡಲು ಬರುವುದಿಲ್ಲ. ಆದರೆ ನಾನು ಅಲ್ಲೇ ನಿಂತಿದ್ದೆ. ಹತ್ತಕ್ಕೆ ಸರಿಯಾಗಿ ಶುರು ಎಂದಿದ್ದ ಕಾರ್ಯಕ್ರಮ ಇನ್ನೂ ಯಾಕೆ ಶುರುವಾಗಿಲ್ಲವೆಂದು ಗಡಿಯಾರ ನೋಡಿದ್ದೆ. ಅದಕ್ಕೇ ಹೊತ್ತು ನೆನಪಿದೆ.

ಅಕ್ಕನಿಗೆ ಎರಡು ವರ್ಷವಿದ್ದಾಗ ಜ್ವರ ಬಂದು ಎರಡೂ ಕಾಲಿನ ಶಕ್ತಿ ಹೋಯಿತು. ಕೈಯಿಂದ ಹಿಡಿಕೆ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ಲೇ ಅವಳ ಕಾಲು. ನಮ್ಮ ಮನೆಯಲ್ಲಿ ಅದಕ್ಕೆ ಗಾಡಿ ಅನ್ನುತ್ತೇವೆ. ವೆಲ್ಡಿಂಗ್ ಅಂಗಡಿಯಲ್ಲಿ ಕೂತು, ತನ್ನ ಅಳತೆಗೆ ಹಿಡಿಕೆ ಎತ್ತರಿಸಿಕೊಂಡು, ಸೀಟಿನ ಹಿಂದೆ ಬಟ್ಟೆಯ ಗಂಟು ಇಡಲು ಪೆಟ್ಟಿಗೆ ಮಾಡಿಸಿಕೊಂಡಿದ್ದಾಳೆ. ಬಜಾರಿನಲ್ಲಿ ಅವಳದ್ದೊಂದು ಹೊಲಿಗೆ ಅಂಗಡಿ. ಮನೆಯಿಂದ ಅಲ್ಲಿಗೆ ಎಮ್ಮೆ, ಟಂಟಂ ಆಟೋ, ಕಬ್ಬಿನ ಟ್ರ್ಯಾಕ್ಟರ್ ಎಲ್ಲವನ್ನೂ ಬೈಯುತ್ತ ಒಬ್ಬಳೇ ಹೋಗಿ ಬರುತ್ತಾಳೆ. ಊರು ಅವಳನ್ನು ಮೊದಲು ಕುಂಟಿ ಅನ್ನುತ್ತಿತ್ತು. ಆಮೇಲೆ ಅಂಗವಿಕಲೆ ಅಂದಿತು, ಆಮೇಲೆ ವಿಕಲಚೇತನೆ, ಈಗ ದಿವ್ಯಾಂಗೆ. ಅವಳು ಹತ್ತಲಾಗದ ಒಂದು ಮೆಟ್ಟಿಲನ್ನೂ ಒಡೆಯದೆ ಊರು ಇಷ್ಟು ದೂರ ಬಂದಿದೆ.

ಸನ್ಮಾನದ ಸುದ್ದಿ ತಂದವನು ಊರಿನ ಒಂದು ಗೆಳೆಯರ ಬಳಗದ ಕಾರ್ಯದರ್ಶಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಫೋನು.

"ಅಕ್ಕಾರ, ನಿಮಗ ಸನ್ಮಾನ ಮಾಡ್ಬೇಕಂತ ಬಳಗದಾಗ ಠರಾವ್ ಆಗ್ಯಾದ್ರಿ."

"ಯಾಕಪಾ, ನಾ ಏನ್ ಮಾಡೇನಿ?"

"ನೀವು ಅಂಗವೈಕಲ್ಯ ಮೆಟ್ಟಿ ನಿಂತೀರಿ."

"ನಿಂತೀನಾ? ಯಾವಾಗ? ನನಗ ಯಾರೂ ಹೇಳೇ ಇಲ್ಲಲ್ಲೋ!" ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. "ನಿನ್ನ ಹೆಂಡ್ತಿ ಜಂಪರಿಗೆ ತೋಳು ಬರಾಬರ್ ಕೂಡಿಸೀನಿ ನೋಡು, ಅದಕ್ಕ ಸನ್ಮಾನ ಮಾಡು, ಬರ್ತೀನಿ."

ಅವನೂ ನಕ್ಕ. ಅದನ್ನು ತಮಾಷೆ ಎಂದುಕೊಂಡ. ಶಿರವಾಳದ ಹಗ್ಗ ಹೊಸೆಯುವ ತಾತನಿಗೂ ಸನ್ಮಾನವಿದೆ ಎಂದ ಮೇಲೆ ಅಕ್ಕ ಒಪ್ಪಿದಳು. ತಾತನಿಗೆ ಕಣ್ಣು ಕಾಣುವುದಿಲ್ಲ. ಸಂತೆಗೆ ಬಂದಾಗಲೆಲ್ಲ ಅಕ್ಕನ ಅಂಗಡಿಯಲ್ಲಿ ಚಹಾ ಕುಡಿದು ಹೋಗುತ್ತಾನೆ. "ಆ ಮುದುಕ ಸ್ಟೇಜ್ ಮ್ಯಾಲೆ ಏನೇನ್ ಅಂತಾನೋ, ಕೇಳಬೇಕು" ಎಂದಳು.

ಕಾರ್ಯಕ್ರಮ ಒಂದು ಶಾಲೆಯ ಮೈದಾನದಲ್ಲಿ. ವೇದಿಕೆ ಎದೆಮಟ್ಟ. ಕಾಲಿಲ್ಲದವರಿಗೆ ಸನ್ಮಾನ ಮಾಡಲು ಎದೆಮಟ್ಟದ ವೇದಿಕೆ ಕಟ್ಟಿಸುವ ಬುದ್ಧಿ ಎಲ್ಲ ಊರುಗಳಿಗೂ ಇರುತ್ತದೋ, ನಮ್ಮ ಊರಿಗಷ್ಟೇ ಇದೆಯೋ ಗೊತ್ತಿಲ್ಲ. ಪಕ್ಕದಲ್ಲಿ ಹಂಚಲು ತಂದ ಹೊಸ ಗಾಡಿಗಳು ಪ್ಲಾಸ್ಟಿಕ್ ಹೊದಿಕೆಯಲ್ಲಿ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಮದುಮಕ್ಕಳ ಹಾಗೆ ನಿಂತಿದ್ದವು. ಮುಖ್ಯ ಅತಿಥಿಗಳಾದ ಸಾಹೇಬರು ಬಂದು ರಿಬ್ಬನ್ ಕತ್ತರಿಸುವ ತನಕ ಯಾರೂ ಮುಟ್ಟುವಂತಿಲ್ಲ. ಅಷ್ಟೇ ಆಗಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ. ಕಾರ್ಯದರ್ಶಿ ಸನ್ಮಾನಕ್ಕೆ ಬಂದವರೆಲ್ಲರ ಹಳೇ ಗಾಡಿ, ಊರುಗೋಲುಗಳನ್ನೂ ಒಂದು ತರಗತಿ ಕೋಣೆಗೆ ಸೇರಿಸತೊಡಗಿದ.

"ಯಾಕ್ರಿ?" ಎಂದೆ.

"ಮೇಡಂ, ನೀವು ಡಿಗ್ರಿ ಓದಿದವರು, ತಿಳಕೋರಿ. ಹಳೇ ಗಾಡಿ ಮ್ಯಾಲೆ ಕುಂತ್ರ ಫೋಟೋದಾಗ ಹೊಸದರ ಕಿಮ್ಮತ್ತು ಏನ್ ಉಳೀತದ್ರಿ?"

"ನನ್ನ ಕಟಗಿ ಯಾಕೋ ಕಸಗೊಳ್ತಿ?" ತಾತ ಕೇಳಿದ. "ಅದೇನು ಫೋಟೋದಾಗ ಹಲ್ಲು ಕಿಸೀತದೇನು?"

ತಾತನ ಊರುವ ಕಟ್ಟಿಗೆಯನ್ನೂ ಒಯ್ದರು. ಕಳುವಾದೀತು ಎಂದು ಕೋಣೆಗೆ ಕೀಲಿ ಹಾಕಿ, ಕೀಲಿಕೈಯನ್ನು ಕಾರ್ಯದರ್ಶಿ ಅಂಗಿ ಕಿಸೆಯಲ್ಲಿಟ್ಟುಕೊಂಡ. ಇಬ್ಬರು ಯುವಕರು ಅಕ್ಕನನ್ನು ಜೋಳದ ಚೀಲದ ಹಾಗೆ ಎತ್ತಿ ವೇದಿಕೆಯ ಕುರ್ಚಿಯಲ್ಲಿ ಕೂಡಿಸಿದರು. ಕೆಳಗೆ ಇಳಿದು ತನ್ನ ರೂಢಿಯಂತೆ ಕೈಯೂರಿ ಸರಿದು ಕೂರುತ್ತೇನೆ ಎಂದಳು. "ಬ್ಯಾಡ್ರೀ ಅಕ್ಕಾರ, ಮಂದಿ ನೋಡ್ತಾರ" ಎಂದ ಕಾರ್ಯದರ್ಶಿ. ಮಂದಿ ನೋಡಲಿ ಎಂದೇ ಅಲ್ಲವೇ ಅವಳನ್ನು ಅಲ್ಲಿ ಕೂಡಿಸಿದ್ದು?

ಸಾಹೇಬರು ಬರಲಿಲ್ಲ. ಬಂದಾರು, ಈಗ ದೋರನಹಳ್ಳಿ ದಾಟಿದ್ದಾರೆ ಎಂದು ಮೈಕು ಹೇಳುತ್ತಲೇ ಇತ್ತು. ಬಿಸಿಲು ಏರಿತು. ನೀರಿನ ಬಾಟಲಿ ಬಂದರೆ ವೇದಿಕೆಯ ಮೇಲಿದ್ದವರು ಯಾರೂ ಮುಟ್ಟಲಿಲ್ಲ. ನೀರು ಕುಡಿದರೆ ಆಮೇಲೆ ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು? ನಿರೂಪಕ ಮಾತ್ರ ಅವರ ಕಡೆ ಕೈ ತೋರಿಸಿ, "ಇವರ ತಾಳ್ಮೆ ನಮಗೆಲ್ಲ ಪಾಠ" ಎಂದ.

ಮೈದಾನದ ಅಂಚಿನ ಅರಳಿಮರದಲ್ಲಿ ಮೊರದಗಲದ ಜೇನುಹುಟ್ಟುಗಳಿದ್ದವು. ಶಾಲೆಯ ಒಂದನೇ ತರಗತಿಯ ಮಗುವಿಗೂ ಅದು ಗೊತ್ತು; ಆ ಕಡೆ ಕಲ್ಲು ಒಗೆದವರನ್ನು ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೆ ನಮ್ಮ ಕಡೆ ದೊಡ್ಡವರು ಬಂದರೆ ಪಟಾಕಿ ಹಚ್ಚಲೇಬೇಕು. ಸರ ನೆಲಕ್ಕೆ ಹಾಸಿದರೆ ಸಪ್ಪಳ ಸಣ್ಣದು, ಟೊಂಗೆಗೆ ಇಳಿಬಿಟ್ಟರೆ ಜೋರು. ಮೈದಾನದಲ್ಲಿ ಇದ್ದದ್ದು ಅದೊಂದೇ ಮರ. ಸಾಹೇಬರ ಕಾರು ಗೇಟಿನೊಳಗೆ ಮೂಗು ಹಾಕಿದ್ದೇ ತಡ, ಬಳಗದವರು ಆ ಮರದ ಸರಕ್ಕೆ ಬೆಂಕಿ ಇಟ್ಟರು.

ಮೊದಲು ತಿಳಿದದ್ದು ತಾತನಿಗೆ. "ಏ, ಜೇನು ಎದ್ದಾವ!" ಎಂದು ಕೂಗಿದ. ಪಟಾಕಿಯ ಸದ್ದು ನಿಂತ ಮೇಲೆ ನಮಗೂ ಕೇಳಿಸಿತು. ಹಿಟ್ಟಿನ ಗಿರಣಿ ತಲೆಯ ಮೇಲೆ ಹಾರಿ ಬಂದಂಥ ಸದ್ದು. "ಯಾರೂ ಗಾಬರಿ ಆಗಬಾರದು" ಎಂದ ನಿರೂಪಕ ಆ ವಾಕ್ಯ ಮುಗಿಸದೆ ಮೈಕು ಒಗೆದು ಜಿಗಿದ. ತಾಳ್ಮೆಯ ಪಾಠ ಕಲಿಯಲು ಬಂದಿದ್ದ ಊರು ಗೇಟಿನ ಕಡೆ ನುಗ್ಗಿತು. ಸಾಹೇಬರು ಕಾರಿನ ಗಾಜು ಏರಿಸಿಕೊಂಡು, ಇಳಿಯದೆಯೇ ಹಿಂದಕ್ಕೆ ಹೋದರು. ವೇದಿಕೆಯ ಮೇಲೆ ಉಳಿದವರು ಸನ್ಮಾನಿತರು ಮಾತ್ರ.

ನಾನು ಅಕ್ಕನ ಗಾಡಿ ತರಲು ಕೋಣೆಗೆ ಓಡಿದೆ. ಕೀಲಿ ಜಗ್ಗಿದೆ. ಕಲ್ಲಿನಿಂದ ಬಡಿದೆ. ಕಿಟಕಿಯ ಸರಳಿನಾಚೆ ಗಾಡಿ ಕಾಣುತ್ತಿತ್ತು, ಕೈ ಚಾಚಿದರೆ ಒಂದು ಗೇಣು ಕಡಿಮೆ. ತಿರುಗಿ ನೋಡಿದರೆ ಕಾರ್ಯದರ್ಶಿ ಜೀಪು ಹತ್ತುತ್ತಿದ್ದ. "ಕೀಲಿಕೈ ಒಗೀರಿ! ಅಲ್ಲಿಂದನ ಒಗೀರಿ!" ಎಂದು ಚೀರಿದೆ. ಅವನು ನನ್ನನ್ನು ನೋಡಿದ. ಕಿಸೆ ಮುಟ್ಟಿಕೊಂಡ. ಬಾಗಿಲು ಎಳೆದುಕೊಂಡ. ಈಗಲೂ ತರಗತಿಯಲ್ಲಿ ಪಾಠ ಮಾಡುವಾಗ, ಅನ್ನಕ್ಕೆ ಕೈ ಇಟ್ಟಾಗ, ಆ ಕೈ ಕಿಸೆ ಮುಟ್ಟುವುದು ನನಗೆ ಕಾಣುತ್ತದೆ.

ಅಷ್ಟರಲ್ಲಿ ಧ್ವನಿವರ್ಧಕದಿಂದ ಅಕ್ಕನ ದನಿ ಬಂತು. ಬಿದ್ದ ಮೈಕು ಅವಳ ಪಕ್ಕಕ್ಕೇ ಉರುಳಿತ್ತು. "ಟೇಬಲ್ ಬುಡಕ ಬರ್ರಿ! ತಾತಾ, ನನ್ನ ಸೆರಗು ಹಿಡಿ! ಮುಖ ಮುಚ್ಕೋರಿ!" ಆ ದಿನ ಆ ವೇದಿಕೆಯಿಂದ ಬಂದ ಉಪಯೋಗದ ಮಾತು ಅದೊಂದೇ. ನಾನು ಪೆಂಡಾಲಿನ ಪಕ್ಕದ ಪರದೆ ಹರಿದುಕೊಂಡು ಮೈಗೆ ಸುತ್ತಿ ಓಡಿದೆ. ಅಕ್ಕ ಕುರ್ಚಿಯಿಂದ ಉರುಳಿ, ಯಾರು ನೋಡುತ್ತಾರೆಂಬ ಹಂಗಿಲ್ಲದೆ ಕೈಯೂರಿ ಸರಿಯುತ್ತ, ಒಬ್ಬೊಬ್ಬರನ್ನೇ ಮುಖ್ಯ ಅತಿಥಿಗಳ ಮೇಜಿನ ಕೆಳಗೆ ಎಳೆಯುತ್ತಿದ್ದಳು. ಮೇಜಿನ ಸ್ಯಾಟಿನ್ ಬಟ್ಟೆ ನೆಲ ಮುಟ್ಟುವಷ್ಟು ಉದ್ದವಿತ್ತು, ಅದೊಂದು ಪುಣ್ಯ. ಎಲ್ಲರೂ ಒಳಗಾದ ಮೇಲೆ ಅವಳ ಕಾಲುಗಳು ಹೊರಗೇ ಉಳಿದಿದ್ದವು. ಪರದೆ ಅವಳ ಮೇಲೆ ಹಾಕಿ ನಾನೂ ಬಿದ್ದುಕೊಂಡೆ. ಅವಳ ಮುಖ ಅಷ್ಟರಲ್ಲೇ ಬಾತಿತ್ತು. "ಉಸಿರು ಬರವಲ್ದು ತಂಗಿ" ಎಂದಳು.

ಜೇನು ಚದುರಿದ ಮೇಲೆ ಸರಕಾರಿ ದವಾಖಾನೆಯಲ್ಲಿ ಸೂಜಿ ಚುಚ್ಚಿ, ಅಲ್ಲಿಂದ ಯಾದಗಿರಿಗೆ ಸಾಗಿಸಿದರು. ಅಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತಿದ್ದೆ, ಕೈ ತಣ್ಣಗಾಗುತ್ತ ಹೋಯಿತು. ಬದುಕಿದಳು. ಉಳಿದವರಿಗೆ ಕಡಿತ ಕಡಿಮೆ. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು.

ಕಾರ್ಯದರ್ಶಿ ಬಾಳೆಹಣ್ಣಿನ ಗೊನೆಯೊಂದಿಗೆ ವಾರ್ಡಿಗೆ ಬಂದ. ಅವನ ಮುಖದ ಮೇಲೆ ಒಂದು ಕಡಿತವೂ ಇರಲಿಲ್ಲ.

"ಭಾಳ ಬೇಜಾರಾತ್ರಿ ಅಕ್ಕಾರ. ಫೋಟೋ ಆಗ್ಲೇ ಇಲ್ಲ."

ಬಾಯಿ ಊದಿದ್ದ ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

"ಚಿಂತಿ ಮಾಡಬ್ಯಾಡ್ರಿ. ಸಾಹೇಬ್ರು ಮತ್ತ ಟೈಮ್ ಕೊಟ್ಟಾರ. ಈ ಸಲ ಸುರಪುರದಾಗ, ಫಂಕ್ಷನ್ ಹಾಲ್‌ನಾಗ. ನೀವು ಎಲ್ಲಾರ ಜೀವ ಉಳಿಸೀರಿ, ಬಿರುದು ಕೊಡಾಕತ್ತೀವಿ."

"ಗಾಡಿ ಎಲ್ಲಿ?" ಎಂದೆ ನಾನು.

"ಅದೇನ್ ಹಳೇದು ಬಿಡ್ರಿ, ಹೊಸಾದು ಬರ್ತದಲ್ಲ."

ಹೊಸದಕ್ಕೆ ರಿಬ್ಬನ್ ಕತ್ತರಿಸಿರಲಿಲ್ಲ. ಹಳೆಯದರ ಕೀಲಿಕೈ ಎಲ್ಲೋ ಬಿದ್ದುಹೋಯಿತಂತೆ. ನಾನು ಶಾಲೆಗೆ ಹೋಗಿ ಕುಳಿತು, ಕೀಲಿ ಒಡೆಸಿ, ಗಾಡಿಯನ್ನು ಮನೆಗೆ ತಳ್ಳಿಕೊಂಡು ಬಂದೆ. ಅಲ್ಲಿಯ ತನಕ ಮನೆಯಂಗಳ ದಾಟಲೂ ಅಕ್ಕನಿಗೆ ನನ್ನ ಹೆಗಲೇ ಗತಿಯಾಗಿತ್ತು. ಎಂದೂ ಯಾರ ಹೆಗಲನ್ನೂ ಕೇಳಿದವಳಲ್ಲ. ಓಣಿಯವರು ಬಂದು, "ಏನಾದರಾಗ್ಲಿ, ಹೆಸರು ಬಂತಲ್ಲವ್ವಾ" ಎಂದು ಸಮಾಧಾನ ಹೇಳಿ ಚಹಾ ಕುಡಿದು ಹೋದರು.

ನಮಗೆ ರಾತ್ರಿ ನಿದ್ದೆಯೇ ಬಾರದಂತಾಗಿತ್ತು. ಫ್ಯಾನಿನ ಸದ್ದಿಗೆ ನಾನು ಎದ್ದು ಕೂರುತ್ತಿದ್ದೆ. ಅಕ್ಕ ಗಾಡಿಯನ್ನು ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿಕೊಂಡು, ನಡುನಡುವೆ ಕೈ ಚಾಚಿ ಗಾಲಿ ಮುಟ್ಟಿ ನೋಡುತ್ತಿದ್ದಳು. ಇದ್ದಲ್ಲೇ ಇದೆಯಲ್ಲ ಎಂದು ನಾನು ಹೇಳಲಿಲ್ಲ. ಅವತ್ತೂ ಅದು ಇದ್ದಲ್ಲೇ ಇತ್ತು.

ಸುರಪುರಕ್ಕೆ ಹೋಗುವುದು ಬೇಡ ಎಂದು ಜಗಳಾಡಿದೆ. ಅಕ್ಕ ಕೇಳಲಿಲ್ಲ. "ಹೋಗಲಿಲ್ಲಂದ್ರ ಅವರು ಮತ್ತೊಬ್ಬಾಕಿನ್ನ ಗಾಡಿಯಿಂದ ಇಳಿಸ್ತಾರ" ಎಂದಳು. ಗಾಡಿಯನ್ನು ಗೂಡ್ಸ್ ಆಟೋಕ್ಕೆ ಏರಿಸಿ ಹೊರಟೆವು. ಸಭಾಭವನದ ಬಾಗಿಲಲ್ಲೇ ಕಾರ್ಯದರ್ಶಿ ಕೈ ಚಾಚಿ ನಿಂತಿದ್ದ.

"ಇಳೀರಿ ಅಕ್ಕಾರ. ಹುಡುಗ್ರು ಎತ್ತಿ ಮ್ಯಾಲೆ ಕೂಡಸ್ತಾರ."

"ನಾ ಇಳ್ಯಂಗಿಲ್ಲ."

"ಸಾಹೇಬ್ರು ಸ್ಟೇಜ್ ಮ್ಯಾಲೆ ಅದಾರ್ರೀ!"

"ಅವರಿಗೆ ಕಾಲು ಗಟ್ಟಿ ಅದಾವಿಲ್ಲೋ? ಕೆಳಗ ಬರ್ಲಿ."

"ಬಳಗದ ಇಜ್ಜತ್ ಹೋಗ್ತದ್ರಿ, ಅಕ್ಕಾರ. ಸ್ವಲ್ಪೊತ್ತಿನ ಮಾತು. ಗಾಡಿ ನಾ ನೋಡ್ಕೋತೀನಿ."

"ಹಂಗಾದ್ರ ಒಂದು ಕೆಲಸ ಮಾಡು. ನಿನ್ನ ಎರಡೂ ಕಾಲು ಆ ಕೋಣ್ಯಾಗಿಟ್ಟು, ಕೀಲಿ ಹಾಕಿ, ಕೀಲಿಕೈ ನನ್ನ ಕೈಯಾಗ ಕೊಡು. ಆಮ್ಯಾಲೆ ನಾ ಇಳೀತೀನಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ತಾತ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ನಾನೂ ಇಲ್ಲೇ ಕುಂದರ್ತೀನಿ. ಮ್ಯಾಲೆ ಹೋದ್ರ ನನಗೇನ್ ಹೆಚ್ಚು ಕಾಣ್ತದೇನು?" ಎಂದ. ಊರುಗೋಲಿನವರು ಒಬ್ಬೊಬ್ಬರಾಗಿ ಬಂದು ಅಕ್ಕನ ಪಕ್ಕದಲ್ಲಿ, ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ವೇದಿಕೆಯ ಮೇಲೆ ಸಾಹೇಬರು, ಬಳಗದ ಪದಾಧಿಕಾರಿಗಳು ಮತ್ತು ಖಾಲಿ ಕುರ್ಚಿಗಳು. ಬಹಳ ಹೊತ್ತು ಮೇಲಿನವರು ಕೆಳಗಿನವರನ್ನೂ ಕೆಳಗಿನವರು ಮೇಲಿನವರನ್ನೂ ನೋಡಿದರು. ಕೊನೆಗೆ ಸಾಹೇಬರೇ ಪಂಚೆ ಎತ್ತಿಕೊಂಡು ಮೆಟ್ಟಿಲಿಳಿದು ಬಂದರು.

ಮರುದಿನ ಪೇಪರಿನಲ್ಲಿ, ವೇದಿಕೆಯಿಂದ ಇಳಿದು ಬಂದು ಸರಳತೆ ಮೆರೆದ ಸಾಹೇಬರ ಫೋಟೋ ಬಂದಿತ್ತು. ಫೋಟೋದ ಅಂಚಿನಲ್ಲಿ ಅರ್ಧ ಗಾಲಿ, ಅಕ್ಕನ ಒಂದು ಮೊಣಕೈ. ನಮ್ಮ ಊರಿನಿಂದ ಇದಕ್ಕಿಂತ ಹೆಚ್ಚಿನದನ್ನು ನಾನು ನಿರೀಕ್ಷಿಸುವುದನ್ನು ಬಿಟ್ಟಿದ್ದೇನೆ. ಆ ಪೇಪರನ್ನು ನಾನು ನೋಡಿದ್ದು ಮಧ್ಯಾಹ್ನ, ಯಾಕೆಂದರೆ ಬೆಳಿಗ್ಗೆ ನಮಗೆ ಎಚ್ಚರವೇ ಆಗಿರಲಿಲ್ಲ. ಸುರಪುರದಿಂದ ಬಂದ ಆ ಗುರುವಾರ ರಾತ್ರಿ ಉಂಡು ಮಲಗಿದವರು ನಾವಿಬ್ಬರೂ ಒಮ್ಮೆಯೂ ಏಳಲಿಲ್ಲ. ಜಂಪರ್ ಒಯ್ಯಲು ಬಂದ ಹೆಣ್ಣುಮಗಳೊಬ್ಬಳು ಬಾಗಿಲು ಬಡಿದು ಬಡಿದು, "ಏ ಯಕ್ಕಾ, ಸತ್ತೀರೇನು ಇದ್ದೀರೇನು?" ಎಂದು ಬೈದ ಮೇಲೆಯೇ ಕಣ್ಣು ಬಿಟ್ಟದ್ದು.